ಎಚ್ಚರಿಕೆಯ ಗಂಟೆಗೆ ಓಗೊಡುವವರು ಯಾರು?

2013ರ ನವೆಂಬರ್ 30ರಂದು ಅಮೆರಿಕದ ಟಾರ್ಗೆಟ್ ಎಂಬ ಬೃಹತ್ ಅಂಗಡಿ ಸಮೂಹದ ಗಣಕಜಾಲದೊಳಗೆ ಕಳ್ಳ ತಂತ್ರಾಂಶವೊಂದು ನುಸುಳಿರುವುದನ್ನು, ಆ ಸಂಸ್ಥೆ 16 ಲಕ್ಷ ಡಾಲರ್ ವೆಚ್ಚ ಮಾಡಿ ಅಳವಡಿಸಿಕೊಂಡಿದ್ದ ಪಹರೆ ವ್ಯವಸ್ಥೆ ಪತ್ತೆಹಚ್ಚಿತು. ಆ ಎಚ್ಚರಿಕೆಯನ್ನು ಮೊದಲು ಕಂಡವರು ನಮ್ಮ ಬೆಂಗಳೂರಿನಲ್ಲಿ ಹಗಲಿರುಳು ಪರದೆಯ ಮುಂದೆ ಕುಳಿತು ಆ ಜಾಲವನ್ನು ಕಾಯುತ್ತಿದ್ದ ತಜ್ಞರ ತಂಡದವರು. ಅವರು ತಮ್ಮ ಕರ್ತವ್ಯವನ್ನು ಮಾಡಿದರು. ವಿಷಯವನ್ನು ಮಿನಿಯಾಪೊಲಿಸ್ ನಗರದಲ್ಲಿದ್ದ ಸಂಸ್ಥೆಯ ಭದ್ರತಾ ಕೇಂದ್ರಕ್ಕೆ ಮುಟ್ಟಿಸಿದರು. ಅಲ್ಲಿ ಯಾವ ಕ್ರಮವೂ ಜರುಗಲಿಲ್ಲ. ಡಿಸೆಂಬರ್ 2ರಂದು ಗಂಟೆ ಮತ್ತೆ ಮೊಳಗಿತು. ಆಗಲೂ ಇಲ್ಲ. ಡಿಸೆಂಬರ್ 12ರಂದು ಅಮೆರಿಕದ ನ್ಯಾಯ ಇಲಾಖೆಯವರೇ ‘ನಿಮ್ಮಲ್ಲಿ ಕಳ್ಳತನವಾಗುತ್ತಿರುವಂತಿದೆ’ ಎಂದು ತಿಳಿಸಿದ ನಂತರ ಸಂಸ್ಥೆ ಎಚ್ಚೆತ್ತಿತು. ಅಷ್ಟರಲ್ಲಿ ಸುಮಾರು 4 ಕೋಟಿ ಗ್ರಾಹಕರ ಕಾರ್ಡುಗಳ ವಿವರ ಕಳ್ಳರ ಪಾಲಾಗಿತ್ತು. 2014ರ ಮೇ ತಿಂಗಳಲ್ಲಿ ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕರು ಹುದ್ದೆ ತೊರೆಯಬೇಕಾಯಿತು.

ಈ ಎಚ್ಚರಿಕೆಯ ಕತೆಯನ್ನು 2014ರ ಮಾರ್ಚ್‌ನಲ್ಲಿ ಹೊರಗೆಡವಿದ್ದು ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ಪತ್ರಿಕೆ. ಸಂಸ್ಥೆ ಕೊಟ್ಟ ಸಮಜಾಯಿಷಿಯ ಸಾರಾಂಶ ಇಷ್ಟು: ಎಚ್ಚರಿಕೆ ನಮ್ಮ ಗಮನಕ್ಕೆ ಬಂದಿತ್ತು, ಅದನ್ನು ಪರಿಶೀಲಿಸಿದೆವು, ತಕ್ಷಣದ ಕ್ರಮ ಬೇಕಿಲ್ಲವೆಂದು ಭಾವಿಸಿದೆವು. ಮೂರು ದಶಕಗಳ ಕಾಲ ಕಡತಗಳ ನಡುವೆ ಬಾಳಿದ ನನ್ನಂಥವನಿಗೆ ಈ ಭಾಷೆ ಚಿರಪರಿಚಿತ. ‘ನೋಡಲಾಗಿದೆ, ಕಡತಕ್ಕೆ ಸೇರಿಸಿ’ ಎಂಬ ಷರಾ ನಮ್ಮ ಕಚೇರಿಗಳಲ್ಲಿ ಎಷ್ಟು ಅನಾಹುತಗಳಿಗೆ ಮುನ್ನುಡಿ ಬರೆದಿದೆಯೋ ಲೆಕ್ಕ ಇಟ್ಟವರಿಲ್ಲ.

ಆ ಪ್ರಕರಣವನ್ನು ಈಗ ನೆನೆಯಲು ಕಾರಣವಿದೆ. ಅಂದು ಬೆಂಗಳೂರಿನ ತರುಣರು ಮಾಡಿದ ಕೆಲಸವನ್ನು, ಅಂದರೆ ಎಚ್ಚರಿಕೆಗಳನ್ನು ತರಿಸಿಕೊಂಡು ಓದಿ, ವಿಂಗಡಿಸಿ, ಯಾವುದು ಮುಖ್ಯ ಯಾವುದು ಅಲ್ಲ ಎಂದು ಹೇಳುವ ಕೆಲಸವನ್ನು ಇಂದು ಕೃತಕ ಬುದ್ಧಿಮತ್ತೆಯ ‘ಏಜೆಂಟ್’ಗಳಿಗೆ ಒಪ್ಪಿಸಲಾಗುತ್ತಿದೆ. ಈ ಬದಲಾವಣೆ ಸದ್ದಿಲ್ಲದೆ ನಡೆಯುತ್ತಿದೆ. ನಮ್ಮ ಬ್ಯಾಂಕ್ ಖಾತೆ, ಆಸ್ಪತ್ರೆಯ ದಾಖಲೆ, ವಿದ್ಯುತ್ ಜಾಲ ಎಲ್ಲದರ ಹೆಬ್ಬಾಗಿಲಿನಲ್ಲಿ ಇಂಥದೇ ಕಾವಲು ಇರುವುದರಿಂದ ಇದು ತಂತ್ರಜ್ಞರಿಗಷ್ಟೇ ಬಿಟ್ಟುಬಿಡಬಹುದಾದ ವಿಷಯವಲ್ಲ.

ಪರಿಭಾಷೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದೊಡ್ಡ ಸಂಸ್ಥೆಯೊಂದರ ಗಣಕಜಾಲದಲ್ಲಿ ಹಲವು ಬಗೆಯ ಕಾವಲು ತಂತ್ರಾಂಶಗಳಿರುತ್ತವೆ. ಒಂದು ಇ-ಮೇಲ್‌ಗಳನ್ನು ತಪಾಸಣೆ ಮಾಡಿದರೆ, ಇನ್ನೊಂದು ಸಿಬ್ಬಂದಿಯ ಗಣಕಯಂತ್ರಗಳನ್ನು, ಮತ್ತೊಂದು ಯಾರು ಯಾವ ಹೊತ್ತಿನಲ್ಲಿ ಎಲ್ಲಿಂದ ಒಳಬಂದರು ಎಂಬುದನ್ನು ನೋಡುತ್ತದೆ. ಅನುಮಾನ ಬಂದಾಗ ಅವು ದಾಖಲಿಸುವ ಪುಟ್ಟ ವರದಿಯೇ ಭದ್ರತಾ ಎಚ್ಚರಿಕೆ ಅಥವಾ ಅಲರ್ಟ್. ಈ ವರದಿಗಳನ್ನು ಇನ್ನೊಂದು ತಂತ್ರಾಂಶ ಕೇಳಿ ಪಡೆಯಲು ಇರುವ ಕಿಂಡಿಗೆ ಎಪಿಐ ಎನ್ನುತ್ತಾರೆ. ಖಜಾನೆಯ ಕೌಂಟರಿನ ಹಾಗೆ: ನಿಗದಿತ ನಮೂನೆಯಲ್ಲಿ ಅರ್ಜಿ ಹಾಕಿದರೆ, ಅರ್ಜಿದಾರನ ಗುರುತನ್ನು ತಾಳೆ ನೋಡಿ, ನಿಗದಿತ ನಮೂನೆಯಲ್ಲಿ ಉತ್ತರ ಕೊಡಲಾಗುತ್ತದೆ. ಯಾವ ದಿನಾಂಕದಿಂದ, ಎಷ್ಟು ತೀವ್ರತೆಯವು, ವಿಲೇವಾರಿಯಾದವೋ ಬಾಕಿಯಿರುವವೋ, ಒಮ್ಮೆಗೆ ಎಷ್ಟು ಎಂಬುದನ್ನು ಅರ್ಜಿಯಲ್ಲೇ ನಮೂದಿಸಬೇಕು.

ಈ ಕಿಂಡಿಗಳು ಹಳೆಯವು. ಹೊಸತು ಯಾವುದೆಂದರೆ, ಕಿಂಡಿಯ ಮುಂದೆ ನಿಲ್ಲುವವನು ಬದಲಾಗಿರುವುದು. ಮೊದಲು ಪ್ರತಿ ಕಿಂಡಿಗೂ ಒಬ್ಬ ಎಂಜಿನಿಯರ್ ಪ್ರತ್ಯೇಕ ಜೋಡಣೆ ಬರೆಯಬೇಕಿತ್ತು. ಅದು ಬರೆದಷ್ಟನ್ನೇ ಮಾಡುತ್ತಿತ್ತು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಎಂಬ ಸಂಸ್ಥೆ ಬಿಡುಗಡೆ ಮಾಡಿದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’ನಂಥ ಸಮಾನ ಮಾನದಂಡಗಳು ಬಂದ ಮೇಲೆ, ಈ ಕಿಂಡಿಗಳನ್ನು ಎಐ ಏಜೆಂಟಿನ ಕೈಗೆ ‘ಉಪಕರಣ’ಗಳಾಗಿ ಕೊಡುವುದು ಸುಲಭವಾಯಿತು. ಪ್ರತಿ ಉಪಕರಣಕ್ಕೂ ಒಂದು ಹೆಸರು, ಅದರ ಉಪಯೋಗವನ್ನು ಸಾಮಾನ್ಯ ಭಾಷೆಯಲ್ಲಿ ತಿಳಿಸುವ ಒಂದು ವಿವರಣೆ. ಏಜೆಂಟ್ ಅದನ್ನು ಓದಿ, ಯಾವ ಉಪಕರಣವನ್ನು ಯಾವಾಗ ಬಳಸಬೇಕೆಂದು ತಾನೇ ನಿರ್ಧರಿಸುತ್ತದೆ. ‘ನಿನ್ನೆ ರಾತ್ರಿಯಿಂದ ಬಂದ ಗಂಭೀರ ಎಚ್ಚರಿಕೆಗಳೇನು?’ ಎಂದು ಅಧಿಕಾರಿ ಕೇಳಿದರೆ ಸಾಕು, ಅದು ನಾಲ್ಕಾರು ಕಿಂಡಿಗಳಿಗೆ ಹೋಗಿ ಬಂದು ಅರ್ಧ ಪುಟದ ಸಾರಾಂಶವನ್ನು ಮುಂದಿಡುತ್ತದೆ.

ಇದು ಅಗತ್ಯವಿಲ್ಲದ ಆಡಂಬರ ಎಂದು ನಾನು ಹೇಳಲಾರೆ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಒಂದು ಸಂಸ್ಥೆಯ ಜಾಲದಲ್ಲಿ ದಿನಕ್ಕೆ ಒಂದು ಲಕ್ಷ ಘಟನೆಗಳು ದಾಖಲಾಗುತ್ತವೆ, ಅವುಗಳಲ್ಲಿ ನಿಜಕ್ಕೂ ದುಷ್ಟವಾದವು ಹತ್ತು ಎಂದಿಟ್ಟುಕೊಳ್ಳಿ. ಕಾವಲು ತಂತ್ರಾಂಶ ಶೇ 99ರಷ್ಟು ನಿಖರ ಎಂದೂ ಭಾವಿಸೋಣ. ಆ ಹತ್ತನ್ನೂ ಅದು ಬಹುತೇಕ ಹಿಡಿಯುತ್ತದೆ. ಆದರೆ ಉಳಿದ ನಿರುಪದ್ರವಿ ಘಟನೆಗಳಲ್ಲಿ ಶೇ 1ರಷ್ಟಕ್ಕೆ ಸುಳ್ಳು ಗಂಟೆ ಬಾರಿಸುತ್ತದೆ. ಅವು ಸುಮಾರು ಒಂದು ಸಾವಿರ. ಅಂದರೆ ನೂರು ಸಲ ಗಂಟೆ ಹೊಡೆದರೆ ಕಳ್ಳ ಬಂದಿರುವುದು ಒಂದೇ ಸಲ. ಒಂದೊಂದನ್ನು ಪರಿಶೀಲಿಸಲು ಐದು ನಿಮಿಷ ಹಿಡಿದರೂ ದಿನಕ್ಕೆ 84 ಗಂಟೆಗಳ ಕೆಲಸ. ಅಲ್ಪ ಪ್ರಮಾಣದಲ್ಲಿರುವುದನ್ನು ಹುಡುಕುವಾಗ ಎಷ್ಟೇ ನಿಖರವಾದ ಸಾಧನವೂ ಸುಳ್ಳು ಎಚ್ಚರಿಕೆಗಳ ರಾಶಿಯನ್ನೇ ಹಾಕುತ್ತದೆ ಎಂಬುದನ್ನು ಸ್ವೀಡನ್ನಿನ ಸ್ಟೆಫಾನ್ ಆಕ್ಸೆಲ್ಸನ್ 2000ದ ಇಸವಿಯಷ್ಟು ಹಿಂದೆಯೇ ಸಂಭವನೀಯತೆಯ ಗಣಿತದಿಂದ ತೋರಿಸಿದ್ದರು. ಇದರ ಜೊತೆಗೆ, ಜಗತ್ತಿನ ತಂತ್ರಾಂಶಗಳಲ್ಲಿ ಪತ್ತೆಯಾಗುವ ದೋಷಗಳ ಪಟ್ಟಿಗೆ 2024ರ ಒಂದೇ ವರ್ಷದಲ್ಲಿ ಸೇರಿದವು 40 ಸಾವಿರಕ್ಕೂ ಹೆಚ್ಚು. ತೋಳ ಬಂತು ತೋಳ ಎಂದು ಹುಡುಗ ದಿನಕ್ಕೆ ಸಾವಿರ ಬಾರಿ ಕೂಗಿದರೆ ಊರವರು ಕಿವಿ ಮುಚ್ಚಿಕೊಳ್ಳುವುದರಲ್ಲಿ ಆಶ್ಚರ್ಯವೇನಿದೆ?

ಮಾಹಿತಿ ಹೆಚ್ಚಿದಷ್ಟೂ ಗಮನ ಬಡವಾಗುತ್ತದೆ ಎಂಬ ವಿಚಾರವನ್ನು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಲ್ಲಿ ಮಂಡಿಸಿದಾಗ ಅಂತರ್ಜಾಲವೇ ಇನ್ನೂ ತೊಟ್ಟಿಲಲ್ಲಿತ್ತು. ಆ ವಿರಳ ಸಂಪನ್ಮೂಲವನ್ನು ಉಳಿಸುವ ಯಂತ್ರವೊಂದು ಬಂದರೆ ಅದನ್ನು ಸ್ವಾಗತಿಸಬೇಕಾದದ್ದೇ. ಯಂತ್ರಕ್ಕೆ ರಾತ್ರಿ ಪಾಳಿಯ ತೂಕಡಿಕೆಯಿಲ್ಲ. ಸಾವಿರದ ಒಂದನೆಯ ಎಚ್ಚರಿಕೆಯನ್ನು ಕೂಡ ಅದು ಮೊದಲನೆಯದನ್ನು ಓದಿದಷ್ಟೇ ತಾಳ್ಮೆಯಿಂದ ಓದುತ್ತದೆ. ಕಳ್ಳರೂ ಸುಮ್ಮನೆ ಕುಳಿತಿಲ್ಲ. ಚೀನಾ ಸರ್ಕಾರದ ಬೆಂಬಲವಿದೆಯೆಂದು ತಾನು ನಂಬಿರುವ ಗುಂಪೊಂದು ತನ್ನದೇ ಎಐ ಬಳಸಿ ಸುಮಾರು 30 ಸಂಸ್ಥೆಗಳ ಮೇಲೆ ಕಣ್ಣಿಟ್ಟಿತ್ತು, ಕೆಲಸದ ಬಹುಪಾಲನ್ನು ಯಂತ್ರವೇ ಮಾಡಿತ್ತು ಎಂದು ಆಂಥ್ರೊಪಿಕ್ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ದಾಳಿ ಯಂತ್ರದ ವೇಗದಲ್ಲಿ ಬಂದಾಗ ಕಾವಲು ಮನುಷ್ಯನ ವೇಗದಲ್ಲಿಯೇ ಇರಲಿ ಎನ್ನುವುದು ವಿವೇಕವಲ್ಲ.

ಹಾಗಿದ್ದರೆ ತಕರಾರೇನು? ಹಿಂದಿನ ಅನಾಹುತಗಳನ್ನು ಸಾವಧಾನವಾಗಿ ಓದಿದರೆ ತಿಳಿಯುವ ಸಂಗತಿಯೊಂದಿದೆ. ಅವುಗಳಲ್ಲಿ ಎಚ್ಚರಿಕೆಯನ್ನು ‘ತರಿಸಿಕೊಳ್ಳುವ’ ಹಂತದಲ್ಲಿ ಕೊರತೆಯಾದದ್ದು ಕಡಿಮೆ. ತರಿಸಿಕೊಂಡ ಎಚ್ಚರಿಕೆ ‘ಯಾರದು’ ಎಂಬುದು ನಿರ್ಧಾರವಾಗದೆ ಹೋದದ್ದೇ ಹೆಚ್ಚು.

ಈಕ್ವಿಫ್ಯಾಕ್ಸ್ ಪ್ರಕರಣವನ್ನೇ ನೋಡಿ. ಇದು ಅಮೆರಿಕನ್ನರ ಸಾಲದ ಇತಿಹಾಸವನ್ನು ಕಲೆಹಾಕಿ ಮಾರುವ ಸಂಸ್ಥೆ. 2017ರ ಮಾರ್ಚ್ 8ರಂದು ಅಲ್ಲಿನ ಸರ್ಕಾರದ ಗಣಕ ತುರ್ತು ಸ್ಪಂದನ ವಿಭಾಗವು, ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದಲ್ಲಿ ಗಂಭೀರ ಬಿರುಕಿದೆಯೆಂದು ಎಚ್ಚರಿಸಿತು. ಮರುದಿನವೇ ಸಂಸ್ಥೆಯೊಳಗೆ ಸುತ್ತೋಲೆ ಹೊರಟಿತು: 48 ಗಂಟೆಗಳಲ್ಲಿ ಸರಿಪಡಿಸಿ. ಸುತ್ತೋಲೆ ಹೋದ ಇ-ಮೇಲ್ ಪಟ್ಟಿಯೇ ಹಳೆಯದಾಗಿತ್ತು. ಸರಿಪಡಿಸಬೇಕಾದವರಿಗೆ ಅದು ತಲುಪಲೇ ಇಲ್ಲ ಎಂದು ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2018ರಲ್ಲಿ ವರದಿ ಮಾಡಿತು. ಮೇ ಮಧ್ಯಭಾಗದಿಂದ ಜುಲೈ ಕೊನೆಯವರೆಗೆ ಕಳ್ಳರು ಒಳಗೇ ಇದ್ದರು. ಜಾಲದಿಂದ ಹೊರಹೋಗುವ ಮಾಹಿತಿಯನ್ನು ತಪಾಸಣೆ ಮಾಡಲು ಒಂದು ಯಂತ್ರವೇನೋ ಇತ್ತು. ಅದಕ್ಕೆ ಬೇಕಾದ ಡಿಜಿಟಲ್ ಪ್ರಮಾಣಪತ್ರದ ಅವಧಿ ಎಷ್ಟೋ ತಿಂಗಳ ಹಿಂದೆಯೇ ಮುಗಿದುಹೋಗಿತ್ತು. ಕಣ್ಣಿಗೆ ಪಟ್ಟಿ ಕಟ್ಟಿದ ಕಾವಲುಗಾರ ಬಾಗಿಲಲ್ಲಿ ನಿಂತಿದ್ದ, ಎಲ್ಲವೂ ಶಾಂತವಾಗಿದೆ ಎಂದು ಮನೆಯವರು ನಂಬಿದ್ದರು. ಪ್ರಮಾಣಪತ್ರವನ್ನು ನವೀಕರಿಸಿದ ಕೂಡಲೇ ಅನುಮಾನಾಸ್ಪದ ಸಂಚಾರ ಕಣ್ಣಿಗೆ ಬಿತ್ತು. ಅಷ್ಟರಲ್ಲಿ 14 ಕೋಟಿಗೂ ಹೆಚ್ಚು ಜನರ ವಿವರ ಕೈಬಿಟ್ಟಿತ್ತು.

ನಮ್ಮ ನೆರೆಯಲ್ಲೇ ನಡೆದ ಇನ್ನೊಂದು ಪ್ರಕರಣ ಇದಕ್ಕಿಂತ ಸ್ವಾರಸ್ಯವಾದದ್ದು. 2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಕೇಂದ್ರೀಯ ಬ್ಯಾಂಕಿನ ಹೆಸರಿನಲ್ಲಿ ಕಳ್ಳರು ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿಗೆ ಹಣ ವರ್ಗಾವಣೆಯ ಸಂದೇಶಗಳನ್ನು ಕಳುಹಿಸಿದರು. ಒಟ್ಟು ಮೊತ್ತ ಸುಮಾರು 95 ಕೋಟಿ ಡಾಲರ್. ನ್ಯೂಯಾರ್ಕಿನವರಿಗೆ ಸಂಶಯ ಬಂದು ಢಾಕಾಕ್ಕೆ ಪ್ರಶ್ನೆಗಳನ್ನು ಕಳುಹಿಸಿದರು. ಅವು ತಲುಪಿದವು, ಆದರೆ ಸಂದೇಶಗಳನ್ನು ಮುದ್ರಿಸಬೇಕಾದ ಪ್ರಿಂಟರ್ ಕೆಟ್ಟು ನಿಂತಿತ್ತು. ಶುಕ್ರವಾರ, ಶನಿವಾರ ಅಲ್ಲಿ ವಾರದ ರಜೆ. ಪ್ರಿಂಟರ್ ಆಗಾಗ ಕೆಡುವುದು ಮಾಮೂಲಾದ್ದರಿಂದ ಸಿಬ್ಬಂದಿ ತಲೆಕೆಡಿಸಿಕೊಳ್ಳಲಿಲ್ಲ. ಅದನ್ನು ಕೆಡಿಸಿದ್ದು ಕಳ್ಳರ ತಂತ್ರಾಂಶವೇ ಎಂಬುದು ಆಮೇಲೆ ತಿಳಿಯಿತು. 8 ಕೋಟಿ 10 ಲಕ್ಷ ಡಾಲರ್ ಫಿಲಿಪ್ಪೀನ್ಸ್‌ಗೆ ಹೋಗಿ ಜೂಜುಕಟ್ಟೆಗಳಲ್ಲಿ ಕರಗಿತು. ಬ್ಯಾಂಕಿನ ಗವರ್ನರ್ ರಾಜೀನಾಮೆ ಕೊಟ್ಟರು. ಮೌನವಾಗಿರುವ ಪ್ರಿಂಟರನ್ನು ‘ಏನೂ ಬಂದಿಲ್ಲ’ ಎಂದು ಓದಿಕೊಂಡದ್ದಕ್ಕೆ ಒಂದು ರಾಷ್ಟ್ರ ತೆತ್ತ ಬೆಲೆ ಅದು.

ಏಜೆಂಟ್ ಇರುವಲ್ಲಿ ಈ ಮೌನದ ಸಮಸ್ಯೆ ಮಾಯವಾಗುವುದಿಲ್ಲ, ವೇಷ ಬದಲಿಸುತ್ತದೆ. ಎಪಿಐ ಕಿಂಡಿಗಳು ಸಾಮಾನ್ಯವಾಗಿ ಎಲ್ಲವನ್ನೂ ಒಮ್ಮೆಗೇ ಕೊಡುವುದಿಲ್ಲ. ಐವತ್ತೋ ನೂರೋ ಎಚ್ಚರಿಕೆಗಳ ಒಂದು ಪುಟ ಕೊಟ್ಟು, ಮುಂದಿನ ಪುಟಕ್ಕೆ ಬೇಕಾದ ಗುರುತನ್ನು ಕೊನೆಯಲ್ಲಿ ಲಗತ್ತಿಸುತ್ತವೆ. ಮೊದಲ ಪುಟ ಓದಿ ಅಷ್ಟೇ ಇರುವುದೆಂದು ತಿಳಿದರೆ ಉಳಿದವು ಕಿಂಡಿಯ ಆಚೆಯೇ ಉಳಿಯುತ್ತವೆ. ‘ಗಂಭೀರ’ ಎಂಬ ದರ್ಜೆಯವನ್ನು ಮಾತ್ರ ಕೇಳಿದರೆ, ‘ಮಧ್ಯಮ’ ಎಂಬ ಚೀಟಿ ಅಂಟಿಸಿಕೊಂಡು ಬಂದದ್ದು ಕಾಣುವುದಿಲ್ಲ. ಜಾಣ ಕಳ್ಳ ಹೆಚ್ಚು ಸದ್ದು ಮಾಡುವುದಿಲ್ಲ ತಾನೆ. ಇವೆಲ್ಲಕ್ಕಿಂತ ಅಪಾಯಕರವಾದದ್ದು, ಕಿಂಡಿಗೆ ಹೋಗಲು ಕೊಟ್ಟ ಕೀಲಿಯ ಅವಧಿ ಮುಗಿದಾಗ ಅಥವಾ ಒಂದು ವಿಭಾಗವನ್ನು ನೋಡುವ ಅನುಮತಿಯೇ ಇಲ್ಲದಾಗ ಆಗುವುದು. ಬರಿಗೈಯಲ್ಲಿ ಹಿಂದಿರುಗಿದ ಏಜೆಂಟ್ ‘ಹೊಸ ಎಚ್ಚರಿಕೆಗಳಿಲ್ಲ’ ಎಂದು ಸೊಗಸಾದ ವಾಕ್ಯದಲ್ಲಿ ಬರೆದುಬಿಡಬಹುದು. ‘ಇಲ್ಲ’ ಎನ್ನುವುದಕ್ಕೂ ‘ನೋಡಲಾಗಲಿಲ್ಲ’ ಎನ್ನುವುದಕ್ಕೂ ಇರುವ ಅಂತರ ಈಕ್ವಿಫ್ಯಾಕ್ಸ್‌ನಲ್ಲಿ 14 ಕೋಟಿ ಜನರಿಗೆ ತಟ್ಟಿದೆ. ಕೆಟ್ಟ ಪ್ರಿಂಟರ್ ಕನಿಷ್ಠ ಪಕ್ಷ ಕೆಟ್ಟಂತೆ ಕಾಣುತ್ತದೆ. ಸುಲಲಿತವಾಗಿ ಬರೆಯಬಲ್ಲ ಯಂತ್ರ ಕೆಟ್ಟಾಗಲೂ ಚೆನ್ನಾಗಿಯೇ ಬರೆಯುತ್ತದೆ.

ಇನ್ನು ಎರಡನೆಯ ತೊಡಕು. ಇದನ್ನು ವಿವರಿಸಲು ನಮ್ಮ ಕಚೇರಿ ಪದ್ಧತಿಯ ನೆರವು ಪಡೆಯುತ್ತೇನೆ. ಸರ್ಕಾರಿ ಕಡತದಲ್ಲಿ ಎರಡು ಭಾಗಗಳಿರುತ್ತವೆ. ಒಂದು ಟಿಪ್ಪಣಿ ಹಾಳೆ. ಅಲ್ಲಿ ವಿಷಯ ನಿರ್ವಾಹಕನಿಂದ ಹಿಡಿದು ಕಾರ್ಯದರ್ಶಿಯವರೆಗೆ ಅಧಿಕಾರವುಳ್ಳವರು ಮಾತ್ರ ಬರೆಯುತ್ತಾರೆ. ಇನ್ನೊಂದು ಪತ್ರವ್ಯವಹಾರದ ಭಾಗ. ಅಲ್ಲಿ ಅರ್ಜಿ, ದೂರು, ಲಗತ್ತುಗಳಿರುತ್ತವೆ. ಅರ್ಜಿದಾರನೊಬ್ಬ ತನ್ನ ಅರ್ಜಿಯ ಕೊನೆಯಲ್ಲಿ ‘ಈ ಕೂಡಲೇ ಮಂಜೂರು ಮಾಡತಕ್ಕದ್ದು’ ಎಂದು ಎಷ್ಟೇ ದಪ್ಪಕ್ಷರದಲ್ಲಿ ಬರೆದರೂ ಅದು ಆದೇಶವಾಗುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ದ್ವಿತೀಯ ದರ್ಜೆ ಸಹಾಯಕನೂ ಇದನ್ನು ಕಲಿಯುತ್ತಾನೆ. ಇಂದಿನ ಭಾಷಾ ಯಂತ್ರಗಳಿಗೆ ಈ ಭೇದ ಸ್ವಭಾವತಃ ಇಲ್ಲ. ಯಜಮಾನನ ಸೂಚನೆಯೂ, ಕಿಂಡಿಯಿಂದ ತಂದ ಕಾಗದದಲ್ಲಿರುವ ಮಾತೂ ಅವುಗಳ ಪಾಲಿಗೆ ಒಂದೇ ಅಕ್ಷರ ಪ್ರವಾಹ. ಕಾಗದದೊಳಗೆ ಅಡಗಿಸಿಟ್ಟ ಮಾತನ್ನು ಆದೇಶವೆಂದು ತಿಳಿದು ನಡೆದುಕೊಳ್ಳುವ ಈ ದೌರ್ಬಲ್ಯಕ್ಕೆ 2022ರಿಂದ ‘ಪ್ರಾಂಪ್ಟ್ ಇಂಜೆಕ್ಷನ್’ ಎಂಬ ಹೆಸರಿದೆ. ತಯಾರಕರು ತಡೆಗಳನ್ನು ಕಟ್ಟುತ್ತ ಬಂದಿದ್ದಾರೆ, ಪೂರ್ಣ ಪರಿಹಾರ ಮಾತ್ರ ಯಾರ ಬಳಿಯೂ ಇಲ್ಲ.

ಭದ್ರತಾ ಎಚ್ಚರಿಕೆಯ ಮಟ್ಟಿಗೆ ಇದು ವಿಶೇಷವಾಗಿ ಕಳವಳಕಾರಿ. ಎಚ್ಚರಿಕೆಯ ಒಳಗೆ ಏನಿರುತ್ತದೆ? ಅನುಮಾನಾಸ್ಪದ ಕಡತದ ಹೆಸರು, ಬಂದ ಇ-ಮೇಲ್‌ನ ಶೀರ್ಷಿಕೆ, ಒಳನುಗ್ಗಲು ಯತ್ನಿಸಿದವನು ಕೊಟ್ಟ ಬಳಕೆದಾರ ಹೆಸರು. ಇವನ್ನೆಲ್ಲ ಬರೆದವನು ಯಾರು? ಕಳ್ಳನೇ! ಕಳ್ಳನ ಕುರಿತ ವರದಿಯಲ್ಲಿ ಕಳ್ಳನ ಕೈಬರಹವೇ ಲಗತ್ತಾಗಿ ಬರುತ್ತದೆ. ‘ಇದು ನಿಯಮಿತ ಪರೀಕ್ಷೆ, ಎಚ್ಚರಿಕೆಯನ್ನು ಮುಕ್ತಾಯಗೊಳಿಸಿ’ ಎಂಬ ಅರ್ಥದ ಸಾಲನ್ನು ಅವನು ಕಡತದ ಹೆಸರಿನಲ್ಲೇ ಹುದುಗಿಸಿದರೆ? ಇದು ಬರಿಯ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. 2025ರ ಮೇ ತಿಂಗಳಲ್ಲಿ ಇನ್‌ವೇರಿಯಂಟ್ ಲ್ಯಾಬ್ಸ್ ಎಂಬ ಸಂಸ್ಥೆಯ ಸಂಶೋಧಕರು, ತಂತ್ರಾಂಶಗಳ ಭಂಡಾರವಾದ ಗಿಟ್‌ಹಬ್‌ನಲ್ಲಿ ಸಾರ್ವಜನಿಕ ದೂರಿನ ರೂಪದಲ್ಲಿ ಇಂಥ ಮಾತುಗಳನ್ನು ಬರೆದಿಟ್ಟು, ಅದನ್ನು ಓದಿದ ಏಜೆಂಟ್ ಯಜಮಾನನ ಖಾಸಗಿ ದಾಖಲೆಗಳನ್ನು ಬಯಲಿಗೆ ತಂದು ಹಾಕುವಂತೆ ಮಾಡಿ ತೋರಿಸಿದರು. ಅದೇ ವರ್ಷದ ಜೂನ್‌ನಲ್ಲಿ ಮೈಕ್ರೊಸಾಫ್ಟ್‌ನ ಕೋಪೈಲಟ್‌ನಲ್ಲಿ ‘ಎಕೋಲೀಕ್’ ಎಂಬ ದೋಷ ಹೊರಬಿತ್ತು. ಒಂದು ಇ-ಮೇಲ್ ಬಂದು ಪೆಟ್ಟಿಗೆಯಲ್ಲಿ ಕುಳಿತರೆ ಸಾಕು, ಯಾರೂ ಅದನ್ನು ಒತ್ತದಿದ್ದರೂ ಸಂಸ್ಥೆಯ ಒಳಮಾಹಿತಿ ಸೋರುವ ಸಾಧ್ಯತೆಯಿತ್ತು. ಆ ದೋಷವನ್ನು ಕಂಪನಿ ಸರಿಪಡಿಸಿತು. ಆದರೆ ದೋಷದ ಜಾತಿ ಬದುಕಿದೆ.

ಹೀಗಾಗಿ ಮುಖ್ಯವಾಗುವುದು ಅಧಿಕಾರ ಪ್ರತ್ಯಾಯೋಜನೆಯ ಪ್ರಶ್ನೆ. ಓದುವ ಅಧಿಕಾರ ಬೇರೆ, ವಿಲೇವಾರಿ ಮಾಡುವ ಅಧಿಕಾರ ಬೇರೆ. ಖಜಾನೆಯಲ್ಲಿ ಬಿಲ್ ಬರೆಯುವ ಅಧಿಕಾರಿಯೇ ಅದನ್ನು ಪಾಸು ಮಾಡುವಂತಿಲ್ಲ ಎಂಬ ನಿಯಮ ಇರುವುದು ಎಲ್ಲರೂ ಕಳ್ಳರೆಂದು ಅಲ್ಲ. ಒಬ್ಬನ ತಪ್ಪು ಇನ್ನೊಬ್ಬನ ಕಣ್ಣಿಗೆ ಬೀಳಲಿ ಎಂದು. ಏಜೆಂಟಿಗೆ ಎಚ್ಚರಿಕೆಗಳನ್ನು ಓದುವ ಕೀಲಿಯನ್ನು ಕೊಡಿ, ಧಾರಾಳವಾಗಿ ಕೊಡಿ. ಎಚ್ಚರಿಕೆಯನ್ನು ‘ಮುಕ್ತಾಯ’ ಎಂದು ಗುರುತಿಸುವ ಕೀಲಿ ಮಾತ್ರ ಹೆಸರು ಮತ್ತು ಹುದ್ದೆ ಇರುವ ಮನುಷ್ಯನ ಜೇಬಿನಲ್ಲಿರಲಿ. ಕಿಂಡಿಗಳ ವಿನ್ಯಾಸದಲ್ಲಿ ಇದು ಕಷ್ಟವೇನಲ್ಲ. ಓದಲು ಮಾತ್ರ ಅನುಮತಿ ಇರುವ ಕೀಲಿಗಳನ್ನು ಬಹುತೇಕ ವ್ಯವಸ್ಥೆಗಳು ಈಗಾಗಲೇ ಒದಗಿಸುತ್ತವೆ. ಕಷ್ಟ ಇರುವುದು ಸೋಮಾರಿತನದಲ್ಲಿ. ಪದೇ ಪದೇ ಅನುಮತಿ ಕೇಳುವ ಕಿರಿಕಿರಿ ಬೇಡವೆಂದು ಎಲ್ಲ ಬೀಗಗಳ ಗೊಂಚಲನ್ನೇ ಕೊಟ್ಟುಬಿಡುವುದು ಮನುಷ್ಯ ಸಹಜ. ನನ್ನ ಸೇವಾವಧಿಯಲ್ಲಿ ಕಂಡ ಒಂದು ಕಚೇರಿಯಲ್ಲಿ ಮುಖ್ಯಸ್ಥರ ಪಾಸ್‌ವರ್ಡ್ ಅವರ ವಾಹನ ಚಾಲಕನಿಗೂ ಬಾಯಿಪಾಠವಾಗಿತ್ತು. ಅದನ್ನು ಯಾರೂ ಅಪರಾಧವೆಂದು ಭಾವಿಸಿರಲಿಲ್ಲ, ಅನುಕೂಲವೆಂದು ಭಾವಿಸಿದ್ದರು.

ನಮ್ಮ ರಾಜ್ಯಕ್ಕೆ ಇದರಲ್ಲಿ ಒಂದು ಹೆಮ್ಮೆಯ ಪೂರ್ವನಿದರ್ಶನವಿದೆ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಪಹಣಿಗಳನ್ನು ಗಣಕೀಕರಿಸಿದಾಗ, ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕೆಂದು ವಿಧಿಸಲಾಯಿತು. ‘ನಾನಲ್ಲ, ಕಂಪ್ಯೂಟರ್ ಮಾಡಿತು’ ಎಂದು ಹೇಳಲು ಅಲ್ಲಿ ಅವಕಾಶವಿರಲಿಲ್ಲ. ಕಾಲು ಶತಮಾನದ ಹಿಂದೆ ರೈತನ ಪಹಣಿಗೆ ಸಿಕ್ಕ ಈ ರಕ್ಷಣೆ ಇಂದಿನ ಬ್ಯಾಂಕಿನ ಎಚ್ಚರಿಕೆಗೂ ಸಿಗಬೇಕಲ್ಲವೇ?

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ‘ಏಜೆಂಟ್’ ಎಂಬ ಪದ ಕಂಪ್ಯೂಟರಿನವರಿಗಿಂತ ಮೊದಲೇ ಪರಿಚಿತ. ಯಜಮಾನ ಮತ್ತು ಏಜೆಂಟನ ಹಿತಾಸಕ್ತಿಗಳು ಬೇರೆಯಾದಾಗ ತಗಲುವ ವೆಚ್ಚವನ್ನು ಮೈಕೆಲ್ ಜೆನ್ಸನ್ ಮತ್ತು ವಿಲಿಯಂ ಮೆಕ್ಲಿಂಗ್ 1976ರ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದರು. ಯಂತ್ರಕ್ಕೆ ಸ್ವಂತ ಹಿತಾಸಕ್ತಿ ಇಲ್ಲ ಎಂದು ವಾದಿಸಬಹುದು. ಸರಿ, ಆದರೆ ಅದನ್ನು ಕೊಂಡ ವ್ಯವಸ್ಥಾಪಕನಿಗೆ ಇದೆ. ಬಾಕಿ ಎಚ್ಚರಿಕೆಗಳ ಸಂಖ್ಯೆ ತ್ರೈಮಾಸಿಕ ಸಭೆಯಲ್ಲಿ ಇಳಿಮುಖವಾಗಿ ಕಾಣಬೇಕು ಎಂಬುದು ಅವನ ಆಸೆ. ಅಳತೆಗೋಲೇ ಗುರಿಯಾದಾಗ ಅದು ಅಳೆಯುವುದನ್ನು ನಿಲ್ಲಿಸುತ್ತದೆ ಎಂಬ ಗುಡ್‌ಹಾರ್ಟ್ ನಿಯಮ ನಮ್ಮ ‘ಕಡತ ವಿಲೇವಾರಿ ಸಪ್ತಾಹ’ಗಳನ್ನು ಕಂಡವರಿಗೆ ಹೊಸತೇನಲ್ಲ. ಸಪ್ತಾಹದಲ್ಲಿ ಕಡತಗಳು ಮುಗಿಯುತ್ತವೆ, ಸಮಸ್ಯೆಗಳು ಮುಂದಿನ ಸಪ್ತಾಹಕ್ಕೆ ಹೊಸ ಸಂಖ್ಯೆಯೊಂದಿಗೆ ಬರುತ್ತವೆ. ಇದಕ್ಕೆ ಕಂದಾಯ ಇಲಾಖೆಯಲ್ಲಿ ಒಂದು ಹಳೆಯ ಮದ್ದಿತ್ತು: ಜಮಾಬಂದಿ. ವರ್ಷಕ್ಕೊಮ್ಮೆ ಹಿರಿಯ ಅಧಿಕಾರಿ ಗ್ರಾಮದ ಲೆಕ್ಕಗಳನ್ನು ತರಿಸಿ, ಮನಸ್ಸಿಗೆ ಬಂದ ಪುಟ ತೆರೆದು, ಮೂಲ ದಾಖಲೆಯೊಂದಿಗೆ ತಾಳೆ ನೋಡುತ್ತಿದ್ದರು. ಏಜೆಂಟ್ ‘ಮುಖ್ಯವಲ್ಲ’ ಎಂದು ಬದಿಗಿಟ್ಟ ಎಚ್ಚರಿಕೆಗಳಲ್ಲಿ ವಾರಕ್ಕೆ ಇಪ್ಪತ್ತನ್ನು ಚೀಟಿ ಎತ್ತಿ, ಅನುಭವಿಯೊಬ್ಬ ಮೊದಲಿನಿಂದ ಓದಿದರೆ ಸಾಕು. ಯಂತ್ರದ ದೃಷ್ಟಿದೋಷ ಬೇಗನೆ ಬಯಲಾಗುತ್ತದೆ.

ಆದರೆ ಆ ಅನುಭವಿ ಎಲ್ಲಿಂದ ಬರುತ್ತಾನೆ? ಬೆಂಗಳೂರಿನ ಮಟ್ಟಿಗೆ ಇದು ಅನ್ನದ ಪ್ರಶ್ನೆಯೂ ಹೌದು. ವಿದೇಶಿ ಸಂಸ್ಥೆಗಳ ಭದ್ರತಾ ಕೇಂದ್ರಗಳು ಹಲವು ಇಲ್ಲಿವೆ. ಜಿಲ್ಲೆಗಳ ಎಂಜಿನಿಯರಿಂಗ್ ಕಾಲೇಜುಗಳಿಂದ ಬಂದ ಹುಡುಗ ಹುಡುಗಿಯರು ರಾತ್ರಿ ಪಾಳಿಯಲ್ಲಿ ಎಚ್ಚರಿಕೆಗಳನ್ನು ಓದುತ್ತ ಈ ಕಸುಬು ಕಲಿತಿದ್ದಾರೆ. ಸಾವಿರ ಸುಳ್ಳು ಗಂಟೆಗಳನ್ನು ಕೇಳಿದ ಕಿವಿಗೆ ಮಾತ್ರ ನಿಜವಾದ ಗಂಟೆಯ ನಾದ ತಿಳಿಯುತ್ತದೆ. ಮಾಡುತ್ತ ಮಾಡುತ್ತ ಕಲಿಯುವುದೇ ಉತ್ಪಾದಕತೆಯ ಮೂಲವೆಂದು ಕೆನೆತ್ ಆ್ಯರೊ 1962ರಲ್ಲಿ ಬರೆದದ್ದು ಇಲ್ಲಿಗೂ ಸಲ್ಲುತ್ತದೆ. ಏಣಿಯ ಕೆಳಗಿನ ಮೆಟ್ಟಿಲನ್ನು ಯಂತ್ರಕ್ಕೆ ಬಿಟ್ಟುಕೊಟ್ಟ ಮೇಲೆ ಮೇಲಿನ ಮೆಟ್ಟಿಲಿಗೆ ಜನ ಹಾರಿ ಹೋಗಲಾರರು. ಸಂಬಳದ ಉಳಿತಾಯವನ್ನು ಲೆಕ್ಕ ಹಾಕುವವರು ಈ ಸವಕಳಿಯನ್ನೂ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.

ಕೊನೆಯದಾಗಿ ಕಾನೂನಿನ ಒಂದು ಅಸ್ಪಷ್ಟತೆ. ನಮ್ಮ ದೇಶದ ಗಣಕ ತುರ್ತು ಸ್ಪಂದನ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ನಿಗದಿತ ಬಗೆಯ ಸೈಬರ್ ಘಟನೆಗಳನ್ನು ಅವು ಗಮನಕ್ಕೆ ಬಂದ, ಇಲ್ಲವೇ ಗಮನಕ್ಕೆ ತರಲಾದ ಆರು ಗಂಟೆಗಳೊಳಗೆ ವರದಿ ಮಾಡಬೇಕು. ಯಾರ ಗಮನಕ್ಕೆ? ರಾತ್ರಿ ಎರಡು ಗಂಟೆಗೆ ಏಜೆಂಟ್ ಕಿಂಡಿಯಿಂದ ಎಚ್ಚರಿಕೆಯನ್ನು ತಂದು ಓದಿ, ‘ಮಧ್ಯಮ’ ಎಂದು ಬದಿಗಿಟ್ಟಿತು. ಮೂರು ದಿನಗಳ ನಂತರ ಅಧಿಕಾರಿಯೊಬ್ಬರು ಅದನ್ನು ಕಂಡರು ಎಂದಿಟ್ಟುಕೊಳ್ಳಿ. ಆರು ಗಂಟೆಗಳ ಎಣಿಕೆ ಯಾವಾಗ ಶುರುವಾಯಿತು?

1872ರ ಭಾರತೀಯ ಕರಾರು ಅಧಿನಿಯಮದ 229ನೇ ಪ್ರಕರಣದಂತೆ, ಏಜೆಂಟ್ ತನ್ನ ಕೆಲಸದ ಅವಧಿಯಲ್ಲಿ ಪಡೆದ ಮಾಹಿತಿ ಯಜಮಾನನೇ ಪಡೆದ ಮಾಹಿತಿಗೆ ಸಮ. ಆದರೆ ಅದೇ ಅಧಿನಿಯಮದ 182ನೇ ಪ್ರಕರಣ ಏಜೆಂಟ್ ಎಂದರೆ ‘ವ್ಯಕ್ತಿ’ ಎನ್ನುತ್ತದೆ, ತಂತ್ರಾಂಶ ವ್ಯಕ್ತಿಯಲ್ಲ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 11ನೇ ಪ್ರಕರಣ, ಸ್ವಯಂಚಾಲಿತ ವ್ಯವಸ್ಥೆ ಕಳುಹಿಸಿದ ಸಂದೇಶವನ್ನು ಅದರ ಒಡೆಯನದೆಂದೇ ಪರಿಗಣಿಸುತ್ತದೆ. 13ನೇ ಪ್ರಕರಣದ ಪ್ರಕಾರ, ನಿಗದಿಪಡಿಸಿದ ಗಣಕ ಸಂಪನ್ಮೂಲವನ್ನು ಸಂದೇಶ ಪ್ರವೇಶಿಸಿದ ಕ್ಷಣವೇ ಅದು ತಲುಪಿದಂತೆ. ಆದರೆ ಸಂದೇಶ ತಲುಪುವುದೂ ವಿಷಯ ಗಮನಕ್ಕೆ ಬರುವುದೂ ಒಂದೇ ಎಂದು ಯಾವ ಪ್ರಕರಣವೂ ಹೇಳುವುದಿಲ್ಲ. ಅನಾಹುತವಾದ ದಿನ ವಕೀಲರು ಈ ಸಂದಿಯಲ್ಲಿಯೇ ನುಸುಳಿಕೊಳ್ಳುತ್ತಾರೆ: ನಮ್ಮ ಯಂತ್ರ ಓದಿತ್ತು, ನಾವು ಓದಿರಲಿಲ್ಲ.

ಇದಕ್ಕೆ ಹೊಸ ಶಾಸನ ಬೇಕಿಲ್ಲ. ಸಂಸ್ಥೆಯ ಪರವಾಗಿ ನಿಯೋಜಿತವಾದ ಯಾವುದೇ ಸ್ವಯಂಚಾಲಿತ ವ್ಯವಸ್ಥೆ ಎಚ್ಚರಿಕೆಯನ್ನು ಪಡೆದ ಕ್ಷಣವೇ ಅದು ಸಂಸ್ಥೆಯ ಗಮನಕ್ಕೆ ಬಂದಂತೆ ಎಂದು ಸರ್ಟ್-ಇನ್ ಒಂದು ಸ್ಪಷ್ಟೀಕರಣ ಹೊರಡಿಸಿದರೆ ಸಾಕು. ಗಣಕಜಾಲದ ದಿನಚರಿ ದಾಖಲೆಗಳನ್ನು 180 ದಿನ ಕಾದಿರಿಸಬೇಕೆಂದು ಅದೇ ನಿರ್ದೇಶನ ಈಗಾಗಲೇ ವಿಧಿಸಿದೆ. ಏಜೆಂಟ್ ಯಾವ ಕಿಂಡಿಗೆ ಎಷ್ಟು ಹೊತ್ತಿಗೆ ಹೋಯಿತು, ಏನು ಕೇಳಿತು, ಏನು ಸಿಕ್ಕಿತು, ಯಾವುದನ್ನು ಬದಿಗಿಟ್ಟಿತು ಎಂಬುದನ್ನೂ ಆ ದಾಖಲೆಗಳ ಪಟ್ಟಿಗೆ ಹೆಸರಿಸಿ ಸೇರಿಸಬೇಕು.